ತಾರಸಿಯ ಕಾವು ತಡೆಯೋಕೆ ಬಿಳಿ ಕೋಟಿಂಗ್, ಟೈಲ್ಸ್, ಸುಣ್ಣ: ದಾವಣಗೆರೆ–ಚಿತ್ರದುರ್ಗದ ಬಿಸಿಲಿಗೆ ಯಾವುದು ಸರಿ?

ನಿಟುವಳ್ಳಿ ಮನೆ
ದಾವಣಗೆರೆ, ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ತಾರಸಿ 25×40 ಅಡಿ, ಅಂದ್ರೆ 10 ಚದರ. ಮೋಲ್ಡ್ (ಕಾಂಕ್ರೀಟ್ ಚಾವಣಿ) 5 ಇಂಚು, ಮೇಲೆ ಬರೀ ಸಿಮೆಂಟ್ ಗಾರೆ, 14 ವರ್ಷ ಹಳೆಯದು. ಮಾರ್ಚ್‌ನಿಂದ ಮೇವರೆಗೆ ಸಂಜೆ 7ರಿಂದ ನಡುರಾತ್ರಿವರೆಗೂ ಫ್ಯಾನ್ ಹಾಕಿದ್ರೆ ಬಿಸಿಗಾಳಿಯೇ ಬರೋದು. ಪ್ಯಾರಾಪೆಟ್ ಪಕ್ಕ ಒಂದು ಕಡೆ ಮಳೆಗಾಲದಲ್ಲಿ ತೇವ ಇಳಿಯುತ್ತೆ. ಒಬ್ಬರು ಬಿಳಿ ಕೋಟಿಂಗ್ ಅಂತಾರೆ, ಇನ್ನೊಬ್ಬರು ಕೂಲ್ ಟೈಲ್ಸ್ (ಬಿಸಿಲು ವಾಪಸ್ ಕಳಿಸೋ ಬಿಳಿ ಟೈಲ್ಸ್), ಮತ್ತೊಬ್ಬರು ಒಳಗಡೆ ಥರ್ಮೋಕೋಲ್ ಸೀಲಿಂಗ್. ಯಾವುದು ಮಾಡಿಸಬೇಕು? ಎಷ್ಟು ಸಾಮಾನು ಬೇಕು? ತಿಳಿದವರು ಹೇಳಿ.

ಸಿವಿಲ್ ದಾವಣಗೆರೆ
ಸರ್, ಮೊದಲು ಕಾವು ಎಲ್ಲಿಂದ ಬರುತ್ತೆ ನೋಡಿ. ಏಪ್ರಿಲ್ ಮಧ್ಯಾಹ್ನ ಒಂದು ಚದರ ಮೀಟರ್ ತಾರಸಿ ಮೇಲೆ ಹತ್ತಿರ ಹತ್ತಿರ 1,000 ವ್ಯಾಟ್ ಬಿಸಿಲು ಬೀಳುತ್ತೆ. ಹಳೇ ಬೂದು ಗಾರೆ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಕುಡಿದುಬಿಡುತ್ತೆ. ಒಳ್ಳೇ ಬಿಳಿ ಮೇಲ್ಮೈ ಆದ್ರೆ ಕುಡಿಯೋದು 20–25, ಉಳಿದದ್ದು ವಾಪಸ್ ಆಕಾಶಕ್ಕೆ. ಕುಡಿದ ಕಾವೆಲ್ಲ ಒಳಗೇ ಇಳಿಯಲ್ಲ, ಗಾಳಿ ಒಂದು ಪಾಲು ಒಯ್ಯುತ್ತೆ. ಆದ್ರೂ ಮೋಲ್ಡ್ ಹೊತ್ತುಕೊಳ್ಳೋದು ದೊಡ್ಡ ಪಾಲೇ.

5 ಇಂಚಿನ ಕಾಂಕ್ರೀಟಿನಲ್ಲಿ ಮೇಲಿನ ಕಾವು ಕೆಳಮುಖಕ್ಕೆ ಬರೋಕೆ ಸುಮಾರು 3–4 ಗಂಟೆ ಹಿಡಿಯುತ್ತೆ. ಮಧ್ಯಾಹ್ನ 2ರ ಬಿಸಿಲು ಸಂಜೆ 6ಕ್ಕೆ ನಿಮ್ಮ ಸೀಲಿಂಗ್‌ನಲ್ಲಿ. ಮೇಲೆ ತಣ್ಣಗಾದರೂ ಕಾಂಕ್ರೀಟಿನ ಹೊಟ್ಟೆಯಲ್ಲಿರೋದು ರಾತ್ರಿಯಿಡೀ ಎರಡೂ ಕಡೆ ಹೊರಗೆ ಬರ್ತಾ ಇರುತ್ತೆ. ಫ್ಯಾನ್ ಸೀಲಿಂಗಿಗೆ ಅಂಟಿಕೊಂಡಿರೋ ಆ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತೆ, ಅದಕ್ಕೇ ಸೆಖೆ.

ಹಾಗಾಗಿ ಒಳಗಿನ ಥರ್ಮೋಕೋಲ್ ಸೀಲಿಂಗ್ ನನ್ನ ಲೆಕ್ಕದಲ್ಲಿ ಕೊನೆಯ ಆಯ್ಕೆ. ಮೋಲ್ಡ್ ಕಾಯೋದು ಕಾದೇ ಕಾಯುತ್ತೆ, ಹಿಗ್ಗಿ ಕುಗ್ಗಿ ಬಿರುಕು ಬಿಡೋದೂ ನಿಲ್ಲಲ್ಲ. ಜೊತೆಗೆ ಥರ್ಮೋಕೋಲ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತೆ, ಅದರ ಮೇಲೆ ವೈರಿಂಗ್ ಹೋಗಿದ್ರೆ ಇನ್ನೂ ಅಪಾಯ. ಕಾವನ್ನು ಮೋಲ್ಡ್‌ಗೆ ಇಳಿಯೋ ಮುಂಚೆ, ಮೇಲೇ ತಡೀಬೇಕು.

ದುರ್ಗದ ಗಾರೆ ಕೆಲಸ
ಮೇಲಿನವರ ಮಾತು ನೂರಕ್ಕೆ ನೂರು ಸರಿ. ಆದ್ರೆ ತೇವ ಇಳಿಯುತ್ತೆ ಅಂತ ಬರೆದಿದ್ದೀರಲ್ಲ, ಅದು ಸರಿಯಾಗೋವರೆಗೆ ಬಣ್ಣದ ಡಬ್ಬ ತೆಗೀಲೇಬೇಡಿ. ಕೋಟಿಂಗ್ ಕಿತ್ತು ಬರೋ ಮನೆಗಳಲ್ಲಿ ಬಹಳಷ್ಟು ಕಡೆ ತಪ್ಪು ಬಣ್ಣದ್ದಲ್ಲ, ಕೆಳಗಿನ ತಯಾರಿಯದ್ದು.

ವಾಟ ಮೊದಲು ನೋಡಿ. 100 ಅಡಿಗೆ 1 ಅಡಿ ಇಳಿಜಾರು ಕನಿಷ್ಠ ಬೇಕು. ನಿಮ್ಮ ತಾರಸಿ 40 ಅಡಿ ಉದ್ದ, ನೀರು ಒಂದೇ ತುದಿಗೆ ಹೋಗೋದಾದ್ರೆ ಆ ತುದಿ ಹತ್ತಿರ ಹತ್ತಿರ 5 ಇಂಚು ಕೆಳಗಿರಬೇಕು. ಎರಡು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ಬನ್ನಿ. ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನೀರು ನಿಲ್ಲೋ ಜಾಗದಲ್ಲಿ ಯಾವ ಅಕ್ರಿಲಿಕ್ ಕೋಟಿಂಗೂ ಬಾಳಲ್ಲ, ಮೆತ್ತಗಾಗಿ ಗುಳ್ಳೆ ಏಳುತ್ತೆ. ಆ ಗುಂಡಿಗಳನ್ನು ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯಲ್ಲಿ ತುಂಬಿ.

ಆಮೇಲೆ ಬಿರುಕು. ಕೂದಲೆಳೆಯಷ್ಟಿದ್ರೂ ಹಾಗೇ ಮೇಲೆ ಬಳೀಬೇಡಿ. ಉಳಿ ಅಥವಾ ಗ್ರೈಂಡರ್‌ನಿಂದ 5 ಮಿಮೀ ಅಗಲ, 5 ಮಿಮೀ ಆಳ ‘ವಿ’ ಆಕಾರದಲ್ಲಿ ಬಿಡಿಸಿ, ಧೂಳು ಊದಿ ತೆಗೆದು, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಅದಕ್ಕಿಂತ ಅಗಲದ್ದಾದ್ರೆ ಪಾಲಿಮರ್ ಗಾರೆ. ತುಂಬಿದ ಮೇಲೆ ಒಂದು ದಿನ ಬಿಡಿ. ಒಣಗಿ ಸ್ವಲ್ಪ ಕುಗ್ಗಿರುತ್ತೆ, ಎರಡನೇ ಸಲ ತುಂಬಬೇಕಾಗುತ್ತೆ.

ಪ್ಯಾರಾಪೆಟ್ ಪಕ್ಕದ ತೇವಕ್ಕೆ ಕಾರಣ ಗೋಲಾ (ಗೋಡೆ–ತಾರಸಿ ಸೇರೋ ಮೂಲೆಗೆ ಕಟ್ಟೋ ದುಂಡು ಗಾರೆ) ಇಲ್ಲದಿರೋದು ಅಂತ ನನ್ನ ಅಂದಾಜು. ಗೋಡೆ ಇಟ್ಟಿಗೆ, ತಾರಸಿ ಕಾಂಕ್ರೀಟು. ಎರಡೂ ಒಂದೇ ಲೆಕ್ಕದಲ್ಲಿ ಹಿಗ್ಗಲ್ಲ, ಸಂದಿ ಬಾಯಿ ಬಿಟ್ಟೇ ಬಿಡುತ್ತೆ. ಅಲ್ಲಿರೋ ಸಡಿಲ ಗಾರೆ ಪೂರ್ತಿ ಕೆತ್ತಿ, 1:3 ಸಿಮೆಂಟ್–ಮರಳಿಗೆ ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿ, 2 ಇಂಚು × 2 ಇಂಚಿನ ಗೋಲಾ ಕಟ್ಟಿಸಿ. ಸೋಡಾ ಬಾಟಲಿ ಬೆನ್ನಿನಿಂದ ಎಳೆದ್ರೆ ಒಳ್ಳೇ ದುಂಡು ಬರುತ್ತೆ. ಏಳು ದಿನ ನೀರುಣಿಸಿ.

ಕೊನೆಗೆ ಪರೀಕ್ಷೆ: ಮಳೆನೀರಿನ ಪೈಪಿಗೆ ಬಟ್ಟೆ ತುರುಕಿ, ತಗ್ಗಿನ ತುದಿಯಲ್ಲಿ ಮಣ್ಣಿನ ಕಟ್ಟೆ ಕಟ್ಟಿ 48 ಗಂಟೆ ನೀರು ನಿಲ್ಲಿಸಿ. ಕೆಳಗೆ ಸೀಲಿಂಗ್ ಒಣಗಿದ್ರೆ ಮುಂದಿನ ಕೆಲಸ.

ಸಿವಿಲ್ ದಾವಣಗೆರೆ
ನೀರು ನಿಲ್ಲಿಸಿದ ಮೇಲೆ ಒಣಗಿದೆಯಾ ಅಂತ ನೋಡೋಕೂ ಒಂದು ದಾರಿ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ, ಒಂದು ರಾತ್ರಿ–ಒಂದು ಹಗಲು ಬಿಡಿ. ಎತ್ತಿದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ರೆ, ಅಥವಾ ಗಾರೆ ಆ ಚೌಕದಲ್ಲಿ ಮಾತ್ರ ಕಪ್ಪಗಾಗಿದ್ರೆ, ಒಳಗಿನ್ನೂ ತೇವ ಇದೆ. ಆಗ ಕೋಟಿಂಗ್ ಹೊಡೆದ್ರೆ ಬಿಸಿಲಿಗೆ ಆ ತೇವ ಆವಿಯಾಗಿ ಪದರವನ್ನು ಹಪ್ಪಳದ ಥರ ಎಬ್ಬಿಸುತ್ತೆ.

ಇನ್ನೊಂದು: ಹೆಬ್ಬೆರಳಿನಿಂದ ಗಾರೆ ಉಜ್ಜಿ ನೋಡಿ. ಬೂದಿಯ ಥರ ಪುಡಿ ಕೈಗೆ ಹತ್ತಿದ್ರೆ ವೈರ್ ಬ್ರಷ್‌ನಿಂದ ತಿಕ್ಕಿ, ತೊಳೆದು, ಒಣಗಿಸದೆ ಪ್ರೈಮರ್ ಹೊಡೀಬೇಡಿ. ಪುಡಿಯ ಮೇಲೆ ಹೊಡೆದ ಬಣ್ಣ ಪುಡಿಗೆ ಅಂಟುತ್ತೆ, ತಾರಸಿಗಲ್ಲ.

ನಿಟುವಳ್ಳಿ ಮನೆ
ಬಹಳ ಉಪಕಾರ. ಕೋಟಿಂಗ್ ಎಷ್ಟು ಲೀಟರ್? ಅಂಗಡಿಯಲ್ಲಿ 20 ಲೀಟರಿನ ಎರಡು ಬಕೆಟ್ ಸಾಕು ಅಂದ್ರು.

ಸಿವಿಲ್ ದಾವಣಗೆರೆ
ಸಾಲಲ್ಲ. ಎರಡು ಕೋಟ್ ಹೊಡೆಯೋಕೆ ಲೀಟರಿಗೆ 25 ಚದರ ಅಡಿ ಅಂತ ಹಿಡೀರಿ. ಡಬ್ಬದ ಮೇಲೆ ಹೆಚ್ಚು ಬರೆದಿದ್ರೆ ಅದು ನಯವಾದ ಮೇಲ್ಮೈಯ ಲೆಕ್ಕ, ಒರಟು ಗಾರೆ ಜಾಸ್ತಿ ಕುಡಿಯುತ್ತೆ. ತಾರಸಿ 1,000 ಚದರ ಅಡಿ. ಸುತ್ತಳತೆ 130 ಅಡಿ, ಗೋಲಾ ಸೇರಿಸಿ ಪ್ಯಾರಾಪೆಟ್ ಒಳಮೈಗೆ 1 ಅಡಿ ಎತ್ತರ ಹತ್ತಿಸಲೇಬೇಕು, ಅದು 130. ಒಟ್ಟು 1,130ನ್ನು 25ರಿಂದ ಭಾಗಿಸಿದ್ರೆ 45 ಲೀಟರ್. ಅಂದ್ರೆ 20ರ ಎರಡು, 10ರ ಒಂದು. ಎರಡೇ ಬಕೆಟ್ ತಂದ್ರೆ ಕೆಲಸದವರು ಕೊನೆಗೆ ನೀರು ಬೆರೆಸಿ ಎಳೀತಾರೆ, ಆ ಮೂಲೆಯೇ ಮೊದಲು ಹೋಗೋದು.

ಪ್ರೈಮರ್ ಕೆಲವು ಕಂಪನಿಯಲ್ಲಿ ಬೇರೆ ಬರುತ್ತೆ, ಕೆಲವರು ಅದೇ ಬಣ್ಣಕ್ಕೆ ನೀರು ಬೆರೆಸಿ ಹೊಡೀರಿ ಅಂತಾರೆ. ಡಬ್ಬದ ಮೇಲೆ ಇರೋದನ್ನೇ ಪಾಲಿಸಿ. ಮೊದಲ ಕೋಟ್ ಉದ್ದಕ್ಕೆ ಎಳೆದ್ರೆ ಎರಡನೇದು ಅಡ್ಡಕ್ಕೆ, ನಡುವೆ ಕನಿಷ್ಠ 4–6 ಗಂಟೆ ಬಿಡುವು. ಗೋಲಾ, ಪೈಪಿನ ಬಾಯಿ, ಪಿಲ್ಲರ್ ಕಂಬಿ ಬಿಟ್ಟಿರೋ ಜಾಗ, ಇಲ್ಲೆಲ್ಲ ಎರಡು ಕೋಟಿನ ನಡುವೆ ಫೈಬರ್ ಜಾಲರಿ ಪಟ್ಟಿ ಒತ್ತಿಸಿ.

ಹೊತ್ತು ಮುಖ್ಯ. ಮಧ್ಯಾಹ್ನದ ತಾರಸಿ ಮೇಲೆ ರೋಲರ್ ಎಳೆದ್ರೆ ನೀರಿನಂಶ ಕ್ಷಣದಲ್ಲಿ ಹಾರಿಹೋಗುತ್ತೆ, ಪದರ ಕೂಡಿಕೊಳ್ಳೋಕೆ ಸಮಯವೇ ಸಿಗಲ್ಲ, ಸೂಜಿತೂತು ಬೀಳುತ್ತೆ. ಬೆಳಿಗ್ಗೆ 9ರ ಒಳಗೆ ಒಂದು ಕೋಟ್, ಮಾರನೇ ದಿನ ಬೆಳಿಗ್ಗೆ ಇನ್ನೊಂದು. ಫೆಬ್ರುವರಿ ಒಳ್ಳೇ ತಿಂಗಳು. ಏಪ್ರಿಲ್‌ಗೆ ತಳ್ಳಿದ್ರೆ ಮಧ್ಯೆ ಅಡ್ಡಮಳೆ ಬಂದು ಹಸಿ ಪದರ ತೊಳೆದುಹೋಗಬಹುದು.

ಪಿ.ಜೆ. ಬಡಾವಣೆ
ಕೋಟಿಂಗ್ ಮೂರ್ನಾಲ್ಕು ವರ್ಷಕ್ಕೆ ಮತ್ತೆ ಹೊಡೀಬೇಕಲ್ಲ. ಹಳೇ ಪದ್ಧತಿ ಹಾಗೆ ಇಟ್ಟಿಗೆ ಚೂರಿನ ಕೋಬಾ (ಇಟ್ಟಿಗೆ ಚೂರು, ಗಾರೆ ಸೇರಿಸಿದ ದಪ್ಪ ಪದರ) ಹಾಕಿಸಿ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿದ್ರೆ ಜೀವಮಾನಕ್ಕೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಸಿವಿಲ್ ದಾವಣಗೆರೆ
ಬಿಳಿ ಟೈಲ್ಸ್ ಚೂರು ಕಾವಿಗೆ ನಿಜವಾಗ್ಲೂ ಒಳ್ಳೇದು, ತೊಳೆದ್ರೆ ಹೊಸದರ ಹಾಗೇ ಬಿಳಿ. ನನ್ನ ಆಕ್ಷೇಪ ಭಾರದ್ದು. ಸರಾಸರಿ 4 ಇಂಚಿನ ಇಟ್ಟಿಗೆ ಕೋಬಾ ಚದರ ಮೀಟರಿಗೆ ಸುಮಾರು 190 ಕೆಜಿ. ಜನ ಓಡಾಡೋ ತಾರಸಿಗೆ ಐಎಸ್ 875ರ (ಕಟ್ಟಡದ ಭಾರ ಲೆಕ್ಕ ಹಾಕೋ ಭಾರತೀಯ ಮಾನದಂಡ) ಪ್ರಕಾರ ಹಿಡಿಯೋ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರೆ 150 ಕೆಜಿ ಆಸುಪಾಸು. 14 ವರ್ಷದ ಹಿಂದೆ ಬರೀ ಗಾರೆ ಲೆಕ್ಕ ಹಿಡಿದು ಹಾಕಿದ ಮೋಲ್ಡ್ ಮೇಲೆ ಅಷ್ಟನ್ನ ಕಾಯಂ ಹೇರೋದು ಸರಿಯಲ್ಲ. 10 ಚದರಕ್ಕೆ ಹತ್ತಿರ ಹತ್ತಿರ 18 ಟನ್ ಆಗುತ್ತೆ! ಹೊಸ ಮನೆ ಕಟ್ಟೋರು ಡಿಸೈನ್ ಮಾಡುವಾಗಲೇ ಎಂಜಿನಿಯರಿಗೆ ಹೇಳಿ, ಕಂಬಿ ಆ ಲೆಕ್ಕಕ್ಕೆ ಹಾಕಿಸಿ, ಧಾರಾಳವಾಗಿ ಮಾಡಿಸಲಿ.

ಕೋಬಾ ಬಿಟ್ಟು ಬರೀ ಕೂಲ್ ಟೈಲ್ಸ್ ಆದ್ರೆ, ಮುಕ್ಕಾಲು ಇಂಚು ಗಾರೆ ಸೇರಿ ಚದರ ಮೀಟರಿಗೆ 60–75 ಕೆಜಿ. ಇದನ್ನೂ ಎಂಜಿನಿಯರಿಗೆ ಒಮ್ಮೆ ತೋರಿಸಿಯೇ ಹಾಕಿಸಿ. ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಬೇರೆಯೇ ಆಗಬೇಕು, ಟೈಲ್ಸೇ ವಾಟರ್‌ಪ್ರೂಫಿಂಗ್ ಅಲ್ಲ. ಸಂದಿ 3 ಮಿಮೀ ಬಿಡಿಸಿ, ಪಾಲಿಮರ್ ಗ್ರೌಟ್ ತುಂಬಿಸಿ. ಸುಮಾರು 10 ಅಡಿಗೊಂದು ಅಗಲ ಸಂದಿ ಬಿಟ್ಟು ಸೀಲಂಟ್ ಹಾಕದಿದ್ರೆ ಬಿಸಿಲಿಗೆ ಟೈಲ್ಸ್ ಒಂದಕ್ಕೊಂದು ಒತ್ತಿ ಗುಡಾರದ ಹಾಗೆ ಮೇಲೇಳುತ್ತವೆ.

ಹಿರಿಯೂರು ಕಡೆಯವರು
ಎ.ಸಿ. ಹಾಕೋ ಯೋಚನೆ ಇರೋರಿಗೆ ಒಂದು ಮಾತು. ಬಿಳಿ ಮಾಡಿದ ಮೇಲೂ ಕಾಂಕ್ರೀಟು ಕಾಂಕ್ರೀಟೇ, ಕಾವು ದಾಟಿಸೋ ಗುಣ ಹೋಗಲ್ಲ. ಬರೀ ಆರ್‌ಸಿಸಿ ಮೋಲ್ಡಿನ ಯು ಮೌಲ್ಯ (ಕಾವು ಎಷ್ಟು ದಾಟುತ್ತೆ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು) 3ಕ್ಕಿಂತ ಮೇಲೆ. ಕೇಂದ್ರದ ಇಕೋ ನಿವಾಸ್ ಸಂಹಿತಾ 2018 (ಮನೆಗಳ ಇಂಧನ ಉಳಿತಾಯದ ಸಂಹಿತೆ) ಮನೆ ಚಾವಣಿಗೆ ಹೇಳೋದು 1.2ರ ಒಳಗೆ. 2 ಇಂಚಿನ ಎಕ್ಸ್‌ಪಿಎಸ್ ಹಲಗೆ (ಕಾವು ತಡೆಯೋ ಗಟ್ಟಿ ಫೋಮ್) ಹಾಕಿದ್ರೆ 0.5ರ ಹತ್ತಿರ, 1 ಇಂಚು ಹಾಕಿದ್ರೂ 0.9ರ ಒಳಗೆ ಬರುತ್ತೆ.

ಕ್ರಮ ಹೀಗೆ: ಕೆಳಗಿನಿಂದ ಮೋಲ್ಡ್, ವಾಟರ್‌ಪ್ರೂಫಿಂಗ್, ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ, ಜಿಯೋಟೆಕ್ಸ್‌ಟೈಲ್ ಬಟ್ಟೆ, 2 ಇಂಚು ಜಾಲರಿ ಕಾಂಕ್ರೀಟು, ಕೊನೆಗೆ ಬಿಳಿ ಮೇಲ್ಮೈ. ಹಲಗೆ ಮೇಲಿರೋದ್ರಿಂದ ವಾಟರ್‌ಪ್ರೂಫಿಂಗ್ ಪದರಕ್ಕೆ ಬಿಸಿಲೇ ತಾಗಲ್ಲ, ಬಾಳಿಕೆ ಜಾಸ್ತಿ. ಅಂಗಡಿಯವರು ಅದೇ ಇದು ಅಂತ ಸಾದಾ ಥರ್ಮೋಕೋಲ್ ಕೊಟ್ರೆ ತಗೋಬೇಡಿ. ಅದರ ಕಾಳುಗಳ ನಡುವೆ ನೀರು ಸೇರುತ್ತೆ, ಭಾರಕ್ಕೆ ಕುಸಿಯುತ್ತೆ. ಮುರಿದು ನೋಡಿದ್ರೆ ಗೊತ್ತಾಗುತ್ತೆ: ಥರ್ಮೋಕೋಲ್ ಕಾಳು ಕಾಳಾಗಿ ಉದುರುತ್ತೆ, ಎಕ್ಸ್‌ಪಿಎಸ್ ಒಂದೇ ಮೈ. ಇಲ್ಲೂ ಮೇಲಿನ ಕಾಂಕ್ರೀಟಿನ ಭಾರ ಚದರ ಮೀಟರಿಗೆ 120 ಕೆಜಿ ಬರುತ್ತೆ, ಎಂಜಿನಿಯರ್ ಒಪ್ಪಿಗೆ ಬೇಕೇ ಬೇಕು.

ಕೆಳಗೋಟೆ ಅಕ್ಕ
ಉಳಿತಾಯ ಬೆಸ್ಕಾಂ ಬಿಲ್‌ನಲ್ಲಿ ಎಷ್ಟು ಕಾಣುತ್ತೆ ಅಂತ ಯಾರೂ ಬರೆದಿಲ್ಲ, ಅದಕ್ಕೆ ಬರೀತಿದ್ದೀನಿ. ಒಂದೂವರೆ ಟನ್ ಎ.ಸಿ. ಬೇಸಿಗೆಯಲ್ಲಿ ಗಂಟೆಗೆ 1.2ರಿಂದ 1.5 ಯೂನಿಟ್ ಎಳೆಯುತ್ತೆ. ದಿನಕ್ಕೆ 6 ಗಂಟೆ ಅಂದ್ರೆ ತಿಂಗಳಿಗೆ 216ರಿಂದ 270 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಸಿಗೋ ಉಚಿತ ಮಿತಿ 2022–23ರ ಸರಾಸರಿ ಬಳಕೆ ನೋಡಿ ಅದಕ್ಕೆ ಶೇ. 10 ಸೇರಿಸಿ ಕೊಟ್ಟದ್ದು. ತಿಂಗಳಲ್ಲಿ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಎ.ಸಿ. ಒಂದೇ ನಿಮ್ಮನ್ನು ಆ ಗೆರೆ ದಾಟಿಸಿಬಿಡುತ್ತೆ. ಕೂಲರ್ ಆದ್ರೆ 150–200 ವ್ಯಾಟ್, ದಿನಕ್ಕೆ 8 ಗಂಟೆ ಓಡಿದ್ರೂ ತಿಂಗಳಿಗೆ 50 ಯೂನಿಟ್ ಒಳಗೆ. ತಾರಸಿ ಬಿಳಿ ಮಾಡಿ, ಎ.ಸಿ. ಬದಲು ಕೂಲರ್‌ನಲ್ಲಿ ಬೇಸಿಗೆ ದಾಟಿಸೋಕಾದ್ರೆ ಲಾಭ ಅಲ್ಲಿ. ನಮ್ಮದು ಒಣ ಹವೆ, ಕೂಲರ್ ಚೆನ್ನಾಗೇ ಕೆಲಸ ಮಾಡುತ್ತೆ.

ಇನ್ನೊಂದು ವಿಷಯ. ಎರಡು ಅಂತಸ್ತಿನ ಮನೆ ಇದ್ರೆ ಲಾಭ ಮೇಲಿನ ಅಂತಸ್ತಿಗೆ ಮಾತ್ರ. ಬಾಡಿಗೆಗೆ ಕೆಳಗಿರೋರು ತಾರಸಿಗೆ ದುಡ್ಡು ಸುರಿಯೋದರಲ್ಲಿ ಅರ್ಥ ಇಲ್ಲ, ಪಡುವಣ ಗೋಡೆಯ ಕಿಟಕಿಗೆ ನೆರಳು ಮಾಡಿಕೊಳ್ಳಲಿ.

ಮೇದೇಹಳ್ಳಿ ರಸ್ತೆ
ಕೋಟಿಂಗಿಗೆ ದುಡ್ಡಿಲ್ಲದವರು ಸುಣ್ಣ ಹೊಡೆದ್ರೆ ಆಗಲ್ವಾ?

ದುರ್ಗದ ಗಾರೆ ಕೆಲಸ
ಧಾರಾಳ ಆಗುತ್ತೆ ಅಣ್ಣಾ. ಹೊಸ ಸುಣ್ಣದ ಬಿಳುಪು ದುಬಾರಿ ಕೋಟಿಂಗಿಗೆ ಹೆಚ್ಚೇನೂ ಕಡಿಮೆಯಿಲ್ಲ, ಬಾಳಿಕೆ ಮಾತ್ರ ಒಂದು ಬೇಸಿಗೆ. ಸೋರೋದನ್ನ ಅದು ತಡೆಯಲ್ಲ, ಅದು ನೆನಪಿರಲಿ.

1 ಕೆಜಿ ಸುಟ್ಟ ಸುಣ್ಣದ ಕಲ್ಲಿಗೆ 5 ಲೀಟರ್ ನೀರು. ನೀರಿಗೆ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರೀಬಾರದು. ಕೊತಕೊತ ಕುದಿಯುತ್ತೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ಮೇ ಆಗಬೇಕು. ಕಣ್ಣಿಗೆ ಕನ್ನಡಕ, ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಹಾರಿದ್ರೆ ತಕ್ಷಣ ಹರಿಯೋ ನೀರಲ್ಲಿ ತೊಳೆಯುತ್ತಾ ಇರಿ, ಆಮೇಲೆ ಆಸ್ಪತ್ರೆ. 24 ಗಂಟೆ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ. ಬಿಸಿನೀರಲ್ಲಿ ಕರಗಿಸಿದ ಗೋಂದು, ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ, ಬೆರೆಸಿ. 20 ಲೀಟರಿಗೆ 80 ಗ್ರಾಂ ಆಯ್ತು.

ತಾರಸಿ ತೊಳೆದು, ಸ್ವಲ್ಪ ಹಸಿಯಿರುವಾಗ ಸಂಜೆ ಹೊತ್ತು ತೆಳ್ಳಗೆ ಹೊಡೀರಿ. ಮೂರು ಕೋಟು, ದಿನಕ್ಕೊಂದು. ದಪ್ಪಗೆ ಒಂದೇ ಸಲ ಹೊಡೆದ್ರೆ ಸಿಪ್ಪೆ ಏಳುತ್ತೆ. ಸುಣ್ಣ ಗಟ್ಟಿಯಾಗೋದು ಗಾಳಿಯ ಇಂಗಾಲಾಮ್ಲ ಹೀರಿ, ಅದಕ್ಕೆ ಸ್ವಲ್ಪ ತೇವ ಬೇಕು. ಬಿಸಿಲಲ್ಲಿ ಸರಕ್ಕನೆ ಒಣಗಿದ್ದು ಬರೀ ಪುಡಿ, ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸಿದ್ರೆ ಹಾರಿಹೋಗುತ್ತೆ. ಹೊಡೆದ ಮಾರನೇ ಬೆಳಿಗ್ಗೆ ಕೈಯಲ್ಲಿ ನೀರು ಚಿಮುಕಿಸಿದ್ರೆ ಹಿಡಿತ ಹೆಚ್ಚು. ಉಪ್ಪಿನ ಬೋರ್‌ವೆಲ್ ನೀರು ಬಳಸಬೇಡಿ, ಒಣಗಿದ ಮೇಲೆ ಉಪ್ಪು ಅರಳಿ ಪದರ ಎಬ್ಬಿಸುತ್ತೆ. ನಲ್ಲಿ ನೀರೋ ಹಿಡಿದಿಟ್ಟ ಮಳೆನೀರೋ ಇರಲಿ.

ಮಳೆನೀರು ಸಂಪಿಗೆ ಹಿಡಿಯೋ ಮನೆ ಆದ್ರೆ, ಸುಣ್ಣವೇ ಇರಲಿ ಕೋಟಿಂಗೇ ಇರಲಿ, ಮೊದಲ ಎರಡು ಮಳೆ ಹೊರಗೆ ಬಿಡಿ.

ಚಳ್ಳಕೆರೆ
ತಗಡು, ಸಿಮೆಂಟ್ ಶೀಟಿನ ಮನೆಯವರ ಕಷ್ಟ ಇನ್ನೂ ಹೆಚ್ಚು. ಹೊಳೆಯೋ ಜಿಂಕ್ ತಗಡು ಬಿಸಿಲನ್ನು ವಾಪಸ್ ಕಳಿಸುತ್ತಲ್ಲ, ತಣ್ಣಗಿರಬೇಕಲ್ಲವಾ ಅಂತ ಜನ ಕೇಳ್ತಾರೆ. ಬಿಸಿಲು ವಾಪಸ್ ಹೋಗೋದು ನಿಜ. ಆದ್ರೆ ಬರಿಯ ಲೋಹ ತಾನು ಕುಡಿದ ಕಾವನ್ನು ಹೊರಸೂಸೋದರಲ್ಲಿ ಬಹಳ ಜಿಪುಣ, ಹಿಡಿದಿಟ್ಟುಕೊಂಡು ಸುಡುತ್ತೆ. ಬಿಳಿ ಬಣ್ಣದ ಪದರ ಎರಡೂ ಕೆಲಸ ಮಾಡುತ್ತೆ, ವಾಪಸ್ಸೂ ಕಳಿಸುತ್ತೆ, ಕುಡಿದದ್ದನ್ನೂ ಬಿಟ್ಟುಕೊಡುತ್ತೆ. ಹೊಸ ಜಿಂಕ್ ತಗಡಿಗೆ ನೇರ ಬಣ್ಣ ಹಿಡಿಯಲ್ಲ, ಮೊದಲು ಎಚ್ ಪ್ರೈಮರ್ (etch primer, ಜಿಂಕ್ ಮೈಯನ್ನು ಕಚ್ಚಿ ಹಿಡಿಯೋದು). ತುಕ್ಕು ಇದ್ದ ಕಡೆ ತಿಕ್ಕಿ ಜಿಂಕ್ ಫಾಸ್ಫೇಟ್ ಪ್ರೈಮರ್. ಸ್ಕ್ರೂಗಳ ರಬ್ಬರ್ ವಾಷರ್ ಒಣಗಿ ಒಡೆದಿದ್ರೆ ಅವನ್ನೂ ಈಗಲೇ ಬದಲಿಸಿ.

ಒಳಗಡೆ ಫಾಯಿಲ್ ಹಾಳೆ ಕಟ್ಟೋರು ತಗಡಿಗೆ ಅಂಟಿಸಿಬಿಡ್ತಾರೆ, ಅದು ತಪ್ಪು. ಹೊಳೆಯೋ ಮುಖದ ಎದುರು ಕನಿಷ್ಠ 1 ಇಂಚು ಗಾಳಿ ಜಾಗ ಇದ್ರೆ ಮಾತ್ರ ಕೆಲಸ ಮಾಡುತ್ತೆ.

ಹಳೇ ಆಸ್ಬೆಸ್ಟಾಸ್ ಸಿಮೆಂಟ್ ಶೀಟ್ ಆದ್ರೆ ವೈರ್ ಬ್ರಷ್ ಮುಟ್ಟಿಸಲೇಬೇಡಿ, ಒಣಗಿದ್ದಾಗ ಕೆರೆಯಬೇಡಿ. ಅದರ ನಾರು ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತರುತ್ತೆ. ಪಾಚಿ ಇದ್ರೆ ನೀರು ಹಾಕಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಸವರಿ, ಮಾಸ್ಕ್ ಹಾಕಿಕೊಂಡು. ಶೀಟಿನ ಮೇಲೆ ನೇರ ಕಾಲಿಡಬೇಡಿ, ಕೆಳಗೆ ಪಟ್ಟಿ ಇರೋ ಸಾಲಿನ ಮೇಲೆ ಹಲಗೆ ಹಾಕಿ ನಡೀರಿ.

ಇನ್ನು ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ಉಳಿಸಿಕೊಂಡಿರೋರು ದಯವಿಟ್ಟು ಅದರ ಮೇಲೆ ಸಿಮೆಂಟ್ ಗಾರೆ ಎಳೆಸಬೇಡಿ. ಜಂತೆ ಮೇಲಿನ ಅಷ್ಟು ದಪ್ಪ ಮಣ್ಣೇ ಕಾವು ತಡೀತಿರೋದು. ಮಣ್ಣು ಅಲುಗಾಡುತ್ತೆ, ಸಿಮೆಂಟು ಅಲುಗಲ್ಲ, ಬಿರುಕು ಬಿಟ್ಟು ನೀರು ಒಳಗೆ ಇಳಿದ್ರೆ ಆವಿಯಾಗೋಕೆ ದಾರಿಯಿಲ್ಲದೆ ತೊಲೆ ಕೊಳೆಯುತ್ತೆ. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹರಡಿ ದಿಮ್ಮಸು ಮಾಡೋದೇ ಅದಕ್ಕೆ ಸರಿ. ಚೌಳಿನ ಜಿಗುಟು ಮಣ್ಣು ನೀರು ತಾಗಿದ ಕೂಡಲೇ ಬಿಚ್ಚಿಕೊಂಡು ಸಣ್ಣ ರಂಧ್ರಗಳನ್ನ ಮುಚ್ಚುತ್ತೆ.

ಆಜಾದ್ ನಗರ
ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ ಹತ್ತಿರದ ಮನೆಗಳಲ್ಲಿ ಬಿಳಿ ಎಷ್ಟು ದಿನ ಬಿಳಿಯಾಗಿರುತ್ತೆ? ಮಸಿ ಕೂರುತ್ತಲ್ಲ.

ಸಿವಿಲ್ ದಾವಣಗೆರೆ
ಕೂರುತ್ತೆ. ಹೊಸದಾಗಿ 80ರಷ್ಟು ವಾಪಸ್ ಕಳಿಸೋ ಮೇಲ್ಮೈ ಮಸಿ–ಧೂಳು ಕೂತು 60ಕ್ಕೆ ಇಳಿಯೋದು ಸಾಮಾನ್ಯ, ಭಟ್ಟಿ ಪಕ್ಕ ಇನ್ನೂ ಬೇಗ. ಫೆಬ್ರುವರಿ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ನಡುವೆ ಒಮ್ಮೆ ನೈಲಾನ್ ಬ್ರಷ್, ಸ್ವಲ್ಪ ಸೋಪಿನ ನೀರಲ್ಲಿ ತೊಳೆದ್ರೆ ಬಹುಪಾಲು ವಾಪಸ್ ಬರುತ್ತೆ. ಆಸಿಡ್ ಬೇಡ. ಇಂಥ ಕಡೆ ದುಡ್ಡು, ಭಾರ ಎರಡೂ ಹೊಂದಿದ್ರೆ ನಾನು ಗ್ಲೇಜ್ಡ್ ಟೈಲ್ಸ್ ಪರ, ಮಸಿ ಅದಕ್ಕೆ ಕಚ್ಚಿಕೊಳ್ಳಲ್ಲ.

ಕೆಲಸ ಫಲ ಕೊಟ್ಟಿದೆಯಾ ಅಂತ ಅಳೆಯೋರು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮಧ್ಯಾಹ್ನ 2ಕ್ಕೆ ಮೇಲ್ಮೈ, ಸಂಜೆ 7ಕ್ಕೆ ಸೀಲಿಂಗ್ ಅಳೆದು ಬರೆದಿಡಿ, ಕೋಟಿಂಗ್‌ಗೆ ಮುಂಚೆ ಮೂರು ದಿನ, ಆಮೇಲೆ ಮೂರು ದಿನ. ಬರಿಯ ತಗಡಿನ ಮೇಲೆ ಆ ಯಂತ್ರ ಸುಳ್ಳು ಅಂಕಿ ತೋರಿಸುತ್ತೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡೀರಿ. ಕೋಣೆಯ ಗಾಳಿ 2–4 ಡಿಗ್ರಿ ಇಳಿದ್ರೆ ಕೆಲಸ ಚೆನ್ನಾಗಾಗಿದೆ ಅಂತಲೇ ಅರ್ಥ. ಹತ್ತು ಡಿಗ್ರಿ ಇಳಿಸ್ತೀವಿ ಅನ್ನೋರು ಮೇಲ್ಮೈಯ ಅಂಕಿಯನ್ನು ಕೋಣೆಯ ಅಂಕಿ ಅಂತ ಹೇಳ್ತಿದ್ದಾರೆ.

ನಿಟುವಳ್ಳಿ ಮನೆ
ಮುಂದಿನ ವರ್ಷ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋ ಇರಾದೆ ಇದೆ. ಹಾಗಾದ್ರೆ ಕೋಟಿಂಗ್ ಈಗ ಬೇಡವೇ? ಮತ್ತೆ ಸಂಡಿಗೆ, ಮೆಣಸಿನಕಾಯಿ ಒಣಗಿಸೋದು ತಾರಸಿ ಮೇಲೇ.

ಹಿರಿಯೂರು ಕಡೆಯವರು
ಕೋಟಿಂಗ್ ಮೊದಲೇ ಆಗಬೇಕು ಸರ್. ಪ್ಯಾನೆಲ್ ಕೂತ ಮೇಲೆ ಅದರ ಕೆಳಗೆ ಬ್ರಷ್ ಹಾಕೋಕೆ ಆಗಲ್ಲ. 3 ಕಿಲೋವ್ಯಾಟಿಗೆ 300 ಚದರ ಅಡಿ ಹೋದ್ರೂ ನಿಮ್ಮ 700 ಚದರ ಅಡಿ ಬಿಸಿಲಿಗೇ ಬಿದ್ದಿರುತ್ತೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಸ್ಟ್ಯಾಂಡಿನ ಕಾಲುಗಳಿಗೆ ಮೋಲ್ಡ್ ಕೊರೆಯೋಕೆ ಬಿಡಬೇಡಿ. ಕಾಲು ಬರೋ ಜಾಗ ಈಗಲೇ ಗುರುತು ಮಾಡಿಸಿ, ಆ ಜಾಗದ ಗಾರೆ ಒರಟು ಮಾಡಿ 1 ಅಡಿ ಚೌಕದ ಕಾಂಕ್ರೀಟ್ ದಿಮ್ಮಿ ಹಾಕಿಸಿ, ಬೋಲ್ಟ್ ದಿಮ್ಮಿಯೊಳಗೇ ಕೂರಲಿ, ಆಮೇಲೆ ಕೋಟಿಂಗನ್ನು ದಿಮ್ಮಿಯ ಮೈಮೇಲೂ ಹತ್ತಿಸಿ. ಆಷಾಢದ ಗಾಳಿ ನಮ್ಮಲ್ಲಿ ಜೋರು. ದಿಮ್ಮಿಯ ತೂಕ, ಹಿಡಿತ ಎರಡನ್ನೂ ಗಾಳಿಯ ಲೆಕ್ಕಕ್ಕೆ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಕೆಳಗೋಟೆ ಅಕ್ಕ
ಸಂಡಿಗೆಗೆ ಹಳೇ ಪಂಚೆ ಹಾಸಿ, ಅದರ ಕೆಳಗೆ ಚಾಪೆ ಇರಲಿ, ಉಪ್ಪು–ಖಾರದ ನೀರು ಕೋಟಿಂಗಿಗೆ ತಾಗಬಾರದು. ಕಬ್ಬಿಣದ ಮಂಚ, ಕುರ್ಚಿ ಎಳೆದಾಡಬೇಡಿ, ಕಾಲಿಗೆ ರಬ್ಬರ್ ಬುಷ್ ಹಾಕಿ. ಮೆಟ್ಟಿಲಿನಿಂದ ನೀರಿನ ಟ್ಯಾಂಕ್‌ವರೆಗೆ ದಿನಾ ಓಡಾಡೋ ದಾರಿಗೆ ಮಾತ್ರ ಎರಡು ಅಡಿ ಅಗಲಕ್ಕೆ ಮೂರನೇ ಕೋಟ್ ಹೊಡೆಸಿ. ನಿಮ್ಮ 45 ಲೀಟರಿನ ಲೆಕ್ಕದಲ್ಲಿ ಉಳಿಯೋ 5 ಲೀಟರ್ ಅದಕ್ಕೆ ಸಾಕಾಗುತ್ತೆ.